ಚರಗಿ ಮೋರ್ಚಾ

"ಏ ಮಾಳೀ, ಏಳಬೇ ಮ್ಯಾಲೆ! ನಿನ್ನ ಮುಕಳಿಗೆ ನಮ್ಮಪ್ಪ ಹೊಲಾ ಬರದು ಕೊಟ್ಟಾನೇನ?"

ಮಾಳವ್ವ ಕುಳಿತಲ್ಲೇ ಸೀರೆ ಎಳೆದುಕೊಂಡು ಎದ್ದಳು. ಜಾಲಿಗಿಡದ ಆಚೆ ಅಂದಾನಗೌಡ ಬುಲೆಟ್ ಗಾಡಿಯ ಮೇಲೆ ಕುಳಿತು, ಒಂದು ಕಾಲು ನೆಲಕ್ಕೆ ಊರಿ, ಬೇವಿನ ಕಡ್ಡಿ ಜಗಿಯುತ್ತಿದ್ದ. ಮುಖ ಕಾಣುವಷ್ಟು ಬೆಳಕು ಇನ್ನೂ ಹರಿದಿರಲಿಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಅವನ ಹೊಲದಲ್ಲಿ ಬಗ್ಗಿ ಉಳ್ಳಾಗಡ್ಡಿ ಕಿತ್ತವಳು ಮಾಳವ್ವ. ಅವಳ ಬೆನ್ನು ನೋಡಿ ಗುರುತು ಹಿಡಿಯಲು ಗೌಡನಿಗೆ ಬೆಳಕು ಬೇಕಿರಲಿಲ್ಲ.

"ಇದು ನಿಮ್ಮ ಹೊಲಾ ಅಲ್ರಿ ಗೌಡ್ರ. ಸರಕಾರದ ಹುಲ್ಲಗಾವಲ."

"ನಿನ್ನೀತನಾ ಸರಕಾರದ್ದು, ಇವತ್ತಿಂದ ನಂದು. ತಂತಿ ಕಾಣವಲ್ದೇನ? ಕಣ್ಣಾಗ ಏನ್ ಹೇಲು ತುಂಬೇತೇನ?"

ಮಾಳವ್ವ ಆಗ ನೋಡಿದಳು. ಹೊಸ ಕಲ್ಲುಕಂಬಗಳು, ಅವುಗಳ ನಡುವೆ ಮುಳ್ಳುತಂತಿ. ಅವಳು ನುಸುಳಿ ಬಂದ ಒಂದು ಸಂದು ಮಾತ್ರ ಇನ್ನೂ ಉಳಿದಿತ್ತು. ಗೌಡ ಗಾಡಿಯಿಂದ ಇಳಿದು ಬಂದು ಅವಳ ಚರಗಿಯನ್ನು ಒದ್ದ. ನೀರು ಚೆಲ್ಲಿ ನೆಲ ಕುಡಿಯಿತು.

"ಒರಸ್ಕೋ, ಮಣ್ಣಲೇ ಒರಸ್ಕೋ. ನಾಳಿಂದ ಯಾವಾಕಿ ಒಳಗ ಕಂಡ್ಲೋ, ನಾಯಿ ಬಿಡಸ್ತೇನಿ."

ಮಾಳವ್ವನಿಗೊಂದು ಚಾಳಿಯಿತ್ತು. ಸಿಟ್ಟು ನೆತ್ತಿಗೇರಿದಾಗ ಅವಳಿಗೆ ನಗು ಬರುತ್ತಿತ್ತು. ಅದರಿಂದಾಗಿ ಗಂಡನ ಕೈಯಲ್ಲಿ, ಮಾವನ ಕೈಯಲ್ಲಿ, ಕೊನೆಗೆ ಗೌಡನ ಹಿರಿಯ ಹೆಂಡತಿಯ ಕೈಯಲ್ಲೂ ಪೆಟ್ಟು ತಿಂದಿದ್ದಳು. ಈಗಲೂ ಬಂತು. ತುಟಿ ಕಚ್ಚಿಕೊಂಡು ಚರಗಿ ಎತ್ತಿಕೊಂಡು ತಂತಿ ದಾಟಿದಳು. ಮನೆ ಮುಟ್ಟುವವರೆಗೂ ಹೊಟ್ಟೆ ಕುಲುಕುತ್ತಿತ್ತು, ಕಣ್ಣಲ್ಲಿ ಮಾತ್ರ ನೀರು.

ಗದಗ ಹೊಸ ಜಿಲ್ಲೆಯಾಗಿ ಬೋರ್ಡುಗಳ ಬಣ್ಣ ಇನ್ನೂ ಆರಿರದ ಕಾಲ ಅದು. ಲಕ್ಷ್ಮೇಶ್ವರ ದಾಟಿ ಬಾಳೆಹೊಸೂರ ಕಡೆ ಹೋಗುವ ದಾರಿಯ ಮಗ್ಗುಲಿಗಿದ್ದ ಆ ಊರಿನಲ್ಲಿ ಕೇರಿಯ ಹೆಂಗಸರಿಗೂ, ಸಾಬರ ಓಣಿಯ ಹೆಂಗಸರಿಗೂ ಇದ್ದ ಬಯಲು ಆ ಹುಲ್ಲುಗಾವಲೊಂದೇ. ಅದಕ್ಕೆ ತಂತಿ ಬಿದ್ದ ಮೇಲೆ ಉಳಿದದ್ದು ಡಾಂಬರು ರಸ್ತೆಯ ಅಂಚು. ನಸುಕಿನಲ್ಲಿ ಹೋಗಿ ಸಾಲಾಗಿ ಕೂರಬೇಕು. ಉಳ್ಳಾಗಡ್ಡಿ ಲಾರಿಯ ದೀಪ ಬಂದರೆ ಏಳಬೇಕು, ದಾಟಿ ಹೋದರೆ ಕೂರಬೇಕು. ಕೆಲವು ಡ್ರೈವರುಗಳು ಬೇಕೆಂದೇ ಗಾಡಿ ನಿಧಾನ ಮಾಡಿ ಹಾರ್ನ್ ಬಾರಿಸುತ್ತಿದ್ದರು.

ಮಾಳವ್ವನ ಸೊಸೆ ಶಿವಲಕ್ಷ್ಮಿ ಮುಂಡರಗಿ ಕಡೆಯ ಹುಡುಗಿ, ಚೊಚ್ಚಲ ಬಸುರಿ. ಆಕೆ ಸಂಜೆಯ ಊಟ ಬಿಟ್ಟಳು. ಆಮೇಲೆ ಮಧ್ಯಾಹ್ನ ಅರ್ಧ ರೊಟ್ಟಿಗೆ ಬಂದಳು. ಒಂದು ದಿನ ಕಳೆ ತೆಗೆಯುವಾಗ ಸಾಲಿನ ನಡುವೆಯೇ ಕಣ್ಣು ಕತ್ತಲೆಗಟ್ಟಿ ಬಿದ್ದಳು.

"ಹೊಟ್ಟ್ಯಾಗ ಕೂಸು ಇಟಗೊಂಡು ಉಪಾಸ ಕುಂಡ್ರತೀಯಲ್ಲಬೇ, ಹುಚ್ಚಿ ಏನ ನೀ?" ಎಂದು ಮಾಳವ್ವ ಬೈದಳು.

"ಉಂಡ್ರ ಹೋಗಬೇಕಾಕ್ಕೈತಲ್ರಿ ಅತ್ತಿ. ಉಣ್ಣದಿದ್ರ ಚಿಂತೀನ ಇಲ್ಲ" ಅಂದಳು ಶಿವಲಕ್ಷ್ಮಿ.

ಪಂಚಾಯ್ತಿಗೆ ಹೋಗಿ ಕೇಳಿದ್ದಾಯಿತು. ಸೆಕ್ರೆಟರಿ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, "ಮನಿಗೊಂದು ಪಾಯಖಾನಿ ಕಟ್ಟಿಸ್ಕೋರಿ, ಸರಕಾರ ಸಹಾಯ ಮಾಡತೈತಿ" ಅಂದ.

"ಎಲ್ಲಿ ಕಟ್ಟೂಣ್ರಿ?" ಎಂದಳು ಮಾಳವ್ವ. "ನಮ್ಮ ಮನ್ಯಾಗ ಕಾಲ ಚಾಚಿ ಮಕ್ಕೊಂಡ್ರ ಎದರಮನಿ ಒಲಿಗೆ ಬಡೀತಾವು."

"ಹಂಗಾದ್ರ ಬಿಗಿ ಹಿಡಕೋರಿ" ಎಂದು ಸೆಕ್ರೆಟರಿ ನಕ್ಕ. ಪಕ್ಕದಲ್ಲಿ ಕುಳಿತಿದ್ದ ಅಂದಾನಗೌಡನೂ ನಕ್ಕ.

ದಾರಿ ತೋರಿಸಿದವಳು ದಿಲಶಾದಬಿ. ಗಂಡ ಸತ್ತ ಮೇಲೆ ಕೌದಿ ಹೊಲಿದು ಬದುಕುತ್ತಿದ್ದವಳು. ಹುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಸಣ್ಣವಳಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಮೋರ್ಚಾ ಕಂಡವಳು. ಅವಳ ಗಂಟಲು ಎಂಥದೆಂದರೆ, ಓಣಿಯ ಈ ತುದಿಯಲ್ಲಿ ಕೋಳಿ ಕರೆದರೆ ಆ ತುದಿಯ ಕೋಳಿಗಳೂ ಬರುತ್ತಿದ್ದವು.

"ಬಾಯಿಲೆ ಹೇಳಿದ್ರ ಯಾರೂ ಕೇಳವಲ್ರು. ಚರಗಿ ಹಿಡಕೊಂಡು ತಾಲೂಕ ಕಚೇರಿ ಮುಂದ ಕುಂಡ್ರೂಣ" ಅಂದಳು.

"ಕುಂತು ಏನ್ ಮಾಡೋದು?"

"ಏನೂ ಮಾಡೋದಿಲ್ಲ. ಬೈಯೋದಿಲ್ಲ, ಕಲ್ಲು ಒಗಿಯೋದಿಲ್ಲ. ಬರೇ ಕುಂಡ್ರೋದು. ಕುಂಡ್ರಾಕ ಜಾಗಾ ಇಲ್ಲಂತನ ಅಲ್ಲೇನಬೇ ನಮ್ಮ ತಕರಾರು!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲೇ ಮಾತು ಪಕ್ಕಾ ಆಯಿತು.

ಬಸ್ಸು ಹತ್ತುವಾಗಲೂ ನಗುವೇ. ತಾಮ್ರದ ಚರಗಿ, ಸ್ಟೀಲಿನ ಚರಗಿ, ಇಲ್ಲದವರ ಕೈಯಲ್ಲಿ ಡಾಲ್ಡಾ ಡಬ್ಬಿ. ಬಸ್ಸಿನ ತುಂಬ ಠಣ ಠಣ ಸದ್ದು.

"ಏನವಾ, ಎಲ್ಲಾರೂ ಕೂಡೇ ಹೊಂಟೀರಿ? ಅಷ್ಟು ದೂರ ಹೋಗಬೇಕೇನ?" ಅಂದ ಕಂಡಕ್ಟರ.

"ಹತ್ರ ಇದ್ದದ್ದನ್ನ ಗೌಡ ನುಂಗಿದನೋ ತಮ್ಮಾ" ಅಂದಳು ದಿಲಶಾದಬಿ.

"ಹಂಗಾದ್ರ ಚರಗಿಗೆ ಅರ್ಧಾ ಟಿಕೀಟ್ ತಗೋರಿ" ಎಂದು ಅವನು ನಗೆಯಾಡಿ ಮುಂದೆ ಹೋದ. ಕಿಟಕಿ ಪಕ್ಕ ಕುಳಿತ ಶಿವಲಕ್ಷ್ಮಿ ಗಾಳಿಗೆ ಮುಖ ಕೊಟ್ಟಿದ್ದಳು. ಮದುವೆಯಾಗಿ ಬಂದಮೇಲೆ ಕೂಲಿಗಲ್ಲದೆ ಆಕೆ ಊರು ದಾಟಿದ್ದು ಅದೇ ಮೊದಲು.

ತಾಲೂಕು ಕಚೇರಿಯ ಮುಂದೆ ಮಾವಿನ ತೋರಣ ಕಟ್ಟುತ್ತಿದ್ದರು. ಮಂತ್ರಿಗಳು ಬರುವವರಿದ್ದರು. ಇವರಿಗೆ ಅದು ಗೊತ್ತೇ ಇರಲಿಲ್ಲ. ಬೇವಿನ ಗಿಡದ ನೆರಳಲ್ಲಿ ಸಾಲಾಗಿ ಕುಳಿತು, ತಮ್ಮ ತಮ್ಮ ಚರಗಿಯನ್ನು ಮುಂದಿಟ್ಟುಕೊಂಡು ಸುಮ್ಮನಾದರು. ಕಚೇರಿಯ ಗುಮಾಸ್ತರು ಕಿಟಕಿಯಿಂದ ಇಣುಕಿದರು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದ, ಇನ್ನೂ ಏನೂ ಆಗಿರಲಿಲ್ಲ.

ಪಿಎಸ್ಐ ಜೀಪಿನಿಂದ ಹಾರಿ ಬಂದ. "ಯಾರು ನಿಮ್ಮ ಲೀಡರು?"

"ಹೊಟ್ಟಿ ರೀ ಸಾಹೇಬ್ರ" ಅಂದಳು ದಿಲಶಾದಬಿ. "ಅದು ಏಳು ಅಂದ್ರ ಏಳಬೇಕು, ಓಡು ಅಂದ್ರ ಓಡಬೇಕು. ಅದರ ಮಾತು ಮೀರಾಕ ಬರಂಗಿಲ್ಲ."

"ಪರ್ಮಿಷನ್ ಐತೇನ?"

"ಬೈಲಕಡೀಗೆ ಹೋಗಾಕ?"

"ಇಲ್ಲಿ ಕುಂಡ್ರಾಕಲೇ!"

"ಕುಂಡ್ರಾಕ ಪರ್ಮಿಷನ್ ಬೇಕಾಗತೈತೇನ್ರಿ? ನೀವು ಹಂಗಾದ್ರ ಮುಂಜಾನೆ ಯಾರನ್ನ ಕೇಳಿ ಕುಂತೀರಿ?"

ಮಾಳವ್ವನ ನಗು ಸ್ಫೋಟಿಸಿತು. ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು, ಆಗಲಿಲ್ಲ. ಅದು ಪಕ್ಕದವಳಿಗೆ ಹತ್ತಿತು, ಅವಳಿಂದ ಸಾಲಿಗೆಲ್ಲ ಹರಡಿತು. ತೋರಣ ಕಟ್ಟುವವರು ಏಣಿಯ ಮೇಲೇ ನಕ್ಕರು. ಪಿಎಸ್ಐ ಮುಖ ಕೆಂಪಾಯಿತು.

"ಎಬ್ಬಸ್ರಲೇ ಈ ರಂಡೇರ್ನ!"

ಲಾಠಿ ಮೊದಲು ಬಿದ್ದದ್ದು ಮಾಳವ್ವನ ಮೀನಖಂಡಕ್ಕೆ. ಆಮೇಲೆ ಬೆನ್ನಿಗೆ. ದಿಲಶಾದಬಿಯನ್ನು ಕೂದಲು ಹಿಡಿದು ಎಳೆದರು. ಚರಗಿಗಳು ಬೂಟಿನ ಕೆಳಗೆ ಸಿಕ್ಕು ಉರುಳಿದವು. ಯಾರೂ ಕೈ ಎತ್ತಲಿಲ್ಲ. ಎತ್ತಬಾರದೆಂದು ದಿಲಶಾದಬಿ ಹಿಂದಿನ ದಿನವೇ ಎಲ್ಲರಿಂದ ಆಣೆ ಮಾಡಿಸಿದ್ದಳು. ಮಾಳವ್ವ ಶಿವಲಕ್ಷ್ಮಿಯ ಮೇಲೆ ಅಡ್ಡ ಬಿದ್ದಳು. "ಬಸುರಿ ಅದಾಳೋ! ಏ ಹಾಟ್ಯಾನ ಮಗನ, ಬಸುರಿ ಅದಾಳ!" ಎಂದು ಒದರಿದಳು. ಲಾಠಿ ಎತ್ತಿದವನು ಒಂದು ಗಳಿಗೆ ತಡೆದ. ಅಷ್ಟರಲ್ಲಿ ಮಹಿಳಾ ಪೇದೆಯೊಬ್ಬಳು ಬಂದು ಶಿವಲಕ್ಷ್ಮಿಯ ತೋಳು ಹಿಡಿದು ವ್ಯಾನಿಗೆ ಹತ್ತಿಸಿದಳು.

ವ್ಯಾನಿನ ಜಾಲರಿಯ ಬಾಗಿಲು ಬಿತ್ತು. ಮಾಳವ್ವ ಕಾಲು ನೀವಿಕೊಳ್ಳುತ್ತ ಆ ಪೇದೆಯನ್ನು ಕೇಳಿದಳು.

"ಬಾಯಾರ, ಯಾವ ಗುನ್ನೇಕ್ಕ ಹಿಡದ್ರಿ ನಮ್ಮನ್ನ?"

"ಮುಂಜಾಗ್ರತಾ ಕ್ರಮ."

"ಹಂಗಂದ್ರ?"

"ನೀವು ಗದ್ಲಾ ಮಾಡೂಕಿಂತ ಮೊದಲ ಹಿಡಿಯೋದು."

"ಗದ್ಲಾ ನೀವ ಮಾಡಿದ್ರಲ್ರಿ. ನಾವು ಕುಂತಿದ್ವಿ."

ಪೇದೆ ಟೊಪ್ಪಿಗೆ ಸರಿಮಾಡಿಕೊಂಡಳು.

"ಹಂಗಾರ ಗೌಡ ತಂತಿ ಹಾಕೂಕಿಂತ ಮೊದಲ ಅವನ್ನ ಯಾಕ ಹಿಡೀಲಿಲ್ರಿ?"

ಪೇದೆ ಕಿಟಕಿಯ ಹೊರಗೆ ನೋಡಿದಳು. ಅವಳ ತುಟಿಯ ತುದಿ ಅಲುಗಿದ್ದನ್ನು ಮಾಳವ್ವ ಕಂಡಳು.

ಠಾಣೆಯ ಲಾಕಪ್ಪಿನಲ್ಲಿ ಇಷ್ಟು ಹೆಂಗಸರಿಗೆ ಜಾಗವಿರಲಿಲ್ಲ. ಮಂತ್ರಿ ಹೋಗುವವರೆಗೆ ಎಲ್ಲಾದರೂ ಕೂಡಿಹಾಕಬೇಕಿತ್ತು. ವ್ಯಾನು ಹೋಗಿ ನಿಂತದ್ದು ಒಂದು ಕಲ್ಯಾಣಮಂಟಪದ ಮುಂದೆ, ದಲಾಲಿ ಅಂಗಡಿಯ ಅಡತಿ ಸಾಹುಕಾರ ಹೊಸದಾಗಿ ಕಟ್ಟಿಸಿದ್ದು. ಮಹಿಳಾ ಪೇದೆಯನ್ನು ಕಾವಲಿಗೆ ಬಿಟ್ಟು, ಗೇಟಿಗೆ ಒಳಗಿನಿಂದ ಚಿಲಕ ಹಾಕಿಸಿ ಪಿಎಸ್ಐ ಮಂತ್ರಿಯ ಕಡೆ ಓಡಿದ.

ಹೆಂಗಸರು ನುಣ್ಣನೆಯ ನೆಲದ ಮೇಲೆ ಅಲ್ಲಲ್ಲಿ ಬಿದ್ದುಕೊಂಡರು. ಯಾರದೋ ಮೊಣಕೈ ತರಚಿತ್ತು, ಯಾರದೋ ಬಳೆ ಒಡೆದು ರಕ್ತ ಬಂದಿತ್ತು. ಒಬ್ಬಳು ಸಣ್ಣಗೆ ಅಳತೊಡಗಿದಳು. ಆಗ ಮಂಟಪದೊಳಗಿನ ಹಿಂದಿನ ಓಣಿಯಿಂದ ಶಿವಲಕ್ಷ್ಮಿಯ ಚೀರಾಟ ಕೇಳಿತು.

"ಅತ್ತೀ! ಅತ್ತೀ, ಜಲ್ದಿ ಬರ್ರಿ!"

ಕೂಸಿಗೆ ಏನಾಯಿತೋ ಎಂದು ಮಾಳವ್ವ ಕುಂಟುತ್ತ ಓಡಿದಳು. ಉಳಿದವರೂ ಓಡಿದರು. ಶಿವಲಕ್ಷ್ಮಿ ಗೋಡೆಗೆ ಒರಗಿ ನಿಂತು ಬೆರಳು ತೋರಿಸುತ್ತಿದ್ದಳು.

ಸಾಲು ಬಾಗಿಲುಗಳು. ಒಳಗೆ ಹಾಲಿನಂಥ ಬಿಳಿ ಪಾಯಖಾನೆಗಳು. ಪ್ರತಿಯೊಂದಕ್ಕೂ ನಲ್ಲಿ, ಪ್ರತಿ ನಲ್ಲಿಯ ಕೆಳಗೆ ಬಕೆಟ್ಟು.

ದಿಲಶಾದಬಿ ಮುಂದೆ ಹೋಗಿ ಒಂದು ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಬಂತು.

"ಯಾ ಅಲ್ಲಾ!" ಅಂದಳು. "ಪಾಯಖಾನಿ ಕೇಳಾಕ ಬಂದವರನ್ನ ಹಿಡದು, ಬಡದು, ಪಾಯಖಾನ್ಯಾಗ ತಂದು ಕೂಡ್ಯಾರಲ್ಲೋ!"

ಅಳುತ್ತಿದ್ದವಳೇ ಮೊದಲು ನಕ್ಕಳು. ಆಮೇಲೆ ಆ ಓಣಿಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಗುನಗುತ್ತಲೇ ಒಬ್ಬರನ್ನೊಬ್ಬರು ನೂಕಿ ಸಾಲು ಹಿಡಿದರು. ಕಾವಲಿದ್ದ ಪೇದೆ ಏನಾಯಿತೆಂದು ಓಡಿ ಬಂದವಳು, ಲಾಠಿ ಗೋಡೆಗೆ ಒರಗಿಸಿ ಮುಖ ಮುಚ್ಚಿಕೊಂಡು ಕುಲುಕಿದಳು.

ಮಾಳವ್ವನ ಪಾಳಿ ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂತಳು. ಕಿವಿ ತಾನಾಗಿ ರಸ್ತೆಯ ಸದ್ದಿಗೆ ನಿಮಿರಿತು. ಲಾರಿ ಇಲ್ಲ, ಬುಲೆಟ್ ಇಲ್ಲ, ಯಾರ ಕೆಮ್ಮೂ ಇಲ್ಲ. ಯಾರೂ ಬರುವುದಿಲ್ಲ ಎಂಬುದು ಅವಳ ತೊಡೆಗಳಿಗೆ ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೆ ಮೈಯೆಲ್ಲ ಸಡಿಲಾಯಿತು. ಕೆಲಸ ಮುಗಿದರೂ ಏಳಲಿಲ್ಲ. ನಲ್ಲಿ ಬಿಟ್ಟು ಲಾಠಿ ಬಿದ್ದ ಕಾಲಿಗೆ ತಣ್ಣೀರು ಹೊಯ್ದುಕೊಂಡಳು, ಮುಖ ತೊಳೆದಳು, ಸುಮ್ಮನೆ ಗೋಡೆ ನೋಡಿದಳು.

"ಏ ಮಾಳವ್ವ, ಒಳಗ ಮನಿ ಕಟ್ಟಿದೇನಬೇ?" ಎಂದು ಹೊರಗಿನಿಂದ ದಿಲಶಾದಬಿ ಬಾಗಿಲು ಬಡಿದಳು.

"ವಾಸ್ತು ಶಾಂತಿಗೆ ಕರೀತೇನಿ, ತಡಿ!"

ಮಧ್ಯಾಹ್ನ ಪೊಲೀಸರು ಒಂದು ಬುಟ್ಟಿ ಉಪ್ಪಿಟ್ಟು ತಂದಿಟ್ಟು ಹೋದರು. ಅಷ್ಟರಲ್ಲಿ ಕೆಲವರು ತಲೆ ತೊಳೆದುಕೊಂಡು ಮದುಮಗಳ ಕುರ್ಚಿಯಲ್ಲಿ ಕೂದಲು ಹರವಿ ಕುಳಿತಿದ್ದರು. ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಸೋಬಾನೆ ಹಾಡುತ್ತಿದ್ದರು. ಶಿವಲಕ್ಷ್ಮಿ ಎಲೆಯ ಉಪ್ಪಿಟ್ಟು ಮುಗಿಸಿ, "ಇನ್ನೊಂದೀಟು ಹಾಕ್ರಿ ಅತ್ತಿ" ಅಂದಳು. ಮಾಳವ್ವ ಹಾಕಿದಳು. ಅದನ್ನೂ ಮುಗಿಸಿ ಮತ್ತೆ ಕೈಚಾಚಿದಳು. ಮಾಳವ್ವ ತನ್ನ ಎಲೆಯದನ್ನೇ ಅವಳ ಮುಂದೆ ಸರಿಸಿದಳು. ಸೊಸೆ ಬಾಯಿ ತುಂಬ ತಿನ್ನುವುದನ್ನು ನೋಡುತ್ತ ಕುಳಿತಳು. ಆಮೇಲೆ ಎದ್ದು ಹೋಗಿ ನೀರು ಕುಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮಂಟಪ ತೊಳೆಯುವ ಕರಿಯವ್ವ ಪೊರಕೆ ಬಕೆಟ್ಟು ಹಿಡಿದು ಬಂದಳು. ಸಂಜೆ ಅಲ್ಲಿ ಸಾಹುಕಾರನ ಮಗಳ ನಿಶ್ಚಯವಿತ್ತು. ಹಿಂದಿನ ಓಣಿಗೆ ಕಾಲಿಡುವ ಮೊದಲೇ ಸಿಡಿಮಿಡಿಗೊಂಡಳು.

"ಎಲ್ಲಾ ಹೊಲಸು ಮಾಡಿಟ್ಟೀರಿ. ತೊಳಿಯಾಕಿ ನಾನ."

"ನಾವ ತೊಳದೀವಿ, ನೋಡು" ಅಂದಳು ಮಾಳವ್ವ. ಖರೆ, ನೆಲ ಕನ್ನಡಿಯಾಗಿತ್ತು. ಕರಿಯವ್ವ ಬಕೆಟ್ಟು ಕೆಳಗಿಟ್ಟಳು. "ನಸೀಬ ನಿಂದಬೇ" ಎಂದು ಮಾಳವ್ವ ಮುಂದುವರಿಸಿದಳು. "ದಿನಾ ಇಂಥಾದ್ರಾಗ ಕುಂಡ್ರತೀಯಲ್ಲ."

"ನಾನ? ನಾವು ಹಳ್ಳದ ಕಡೆ ಹೊಕ್ಕೀವಿ. ನಮ್ಮ ಓಣ್ಯಾಗ ಯಾರಿಗೂ ಇಲ್ಲ."

"ಮತ್ತ ಇವು?"

"ತೊಳಿಯಾಕ ಅಷ್ಟ ನಮಗ. ಕುಂತ್ರ ಸಾವಕಾರ್ರು ಚರ್ಮಾ ಸುಲೀತಾರ."

ಮಾಳವ್ವ ಅವಳ ಕೈಯಿಂದ ಪೊರಕೆ ಕಿತ್ತುಕೊಂಡಳು. "ಹೋಗು ಒಳಗ."

"ಅಯ್ಯ, ಬ್ಯಾಡವಾ..."

"ಹೋಗಬೇ! ಸಾವಕಾರ ಬಂದ್ರ ನಾವು ಹೋಗಂದ್ವಿ ಅನ್ನು. ನಮ್ಮನ್ನೇನ್ ಹಿಡಸ್ತಾನ? ಹಿಡದ ಇಟ್ಟಾರ."

ಕರಿಯವ್ವ ಅತ್ತಿತ್ತ ನೋಡಿದಳು. ಪೇದೆ ಬೇಕೆಂದೇ ಬೆನ್ನು ತಿರುಗಿಸಿದಳು. ಕರಿಯವ್ವ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಯಾರಿಗೂ ಏನೂ ಹೇಳದೆ, ಪೊರಕೆಯನ್ನೂ ಮರೆತು ಗೇಟು ದಾಟಿ ದಡದಡ ನಡೆದುಬಿಟ್ಟಳು.

ಮಂತ್ರಿ ಹೋದ ಮೇಲೆ ಪಿಎಸ್ಐ ಬಂದ. "ಆತು, ಏಳ್ರಿ. ಮನೀಗೆ ಹೋಗ್ರಿ."

ಯಾರೂ ಏಳಲಿಲ್ಲ.

"ಕೇಳಸವಲ್ದೇನ? ಬಿಟ್ಟೀವಿ ನಿಮ್ಮನ್ನ."

"ಎಲ್ಲಿಗೆ ಹೋಗೂನ್ರಿ?" ಅಂದಳು ದಿಲಶಾದಬಿ. "ತಂತಿ ಕಿತ್ತಸ್ರಿ, ಹೊಕ್ಕೀವಿ. ಅಲ್ಲೀತನಾ ಇಲ್ಲೇ ಆರಾಮ ಐತಿ. ನೀವೂ ಕುಂಡ್ರಿ."

ಸಾಹುಕಾರ ಓಡಿಬಂದ, ಬೀಗರು ಬರುವ ಹೊತ್ತಾಯಿತೆಂದು ಬಾಯಿ ಬಡಿದುಕೊಂಡ. "ಇವರು ಮುಟ್ಟಿದ್ದೆಲ್ಲಾ ತೊಳಸಬೇಕಲ್ರಿ ನಾನು! ಏ, ಆ ಕರೀ ಎಲ್ಲಿ ಸತ್ತಳು?" ಅವನ ಹಿಂದೆ ತಹಶೀಲ್ದಾರ ಬಂದ. ತಹಶೀಲ್ದಾರನ ಹಿಂದೆ, ನಿಶ್ಚಯದ ಊಟಕ್ಕೆಂದು ಬಿಳಿ ಅಂಗಿ ತೊಟ್ಟ ಅಂದಾನಗೌಡ ಬಂದ. ಮಂತ್ರಿಗೆ ಹಾಕಿ ಉಳಿದ ಹೂವಿನ ವಾಸನೆ ಅವನ ಮೈಗೆ ಇನ್ನೂ ಹತ್ತಿಕೊಂಡಿತ್ತು.

ತಹಶೀಲ್ದಾರ ಮೆತ್ತಗೆ ಮಾತಾಡಿದ. "ನೋಡ್ರಿ ತಾಯೇರ, ನಮ್ಮದು ಹೊಸ ಜಿಲ್ಲಾ. ಹೆಸರು ಕೆಡಸಬಾರದು. ಇನ್ನ ಮ್ಯಾಲೆ ಎಲ್ಲೂ ಧರಣಿ ಕುಂಡ್ರಂಗಿಲ್ಲ ಅಂತ ಹೆಬ್ಬಟ್ಟು ಒತ್ತಿ ಹೋಗ್ರಿ. ಇಲ್ಲಂದ್ರ ಕೇಸ್ ಆಕ್ಕೈತಿ."

"ಜಿಲ್ಲಾ ಹೊಸಾದ್ರಿ, ಹೊಟ್ಟಿ ಹಳೇದು" ಅಂದಳು ದಿಲಶಾದಬಿ. "ಅದು ಹೆಬ್ಬಟ್ಟು ಒತ್ತವಲ್ದು."

ಅಂದಾನಗೌಡ ಮುಂದೆ ಬಂದು ಮಾಳವ್ವನನ್ನು ಗುರುತು ಹಿಡಿದ. "ಏನಬೇ ಮಾಳೀ, ಇಲ್ಲೂ ಬಂದು ಹೇತೀಯೇನ?"

"ಹೌದ್ರಿ ಗೌಡ್ರ" ಅಂದಳು ಮಾಳವ್ವ. "ಬಾಗಲಾ ಹಾಕ್ಕೊಂಡು."

ಪಿಎಸ್ಐ ಹಿಂದಿದ್ದ ಪೇದೆಯೇ ಕಿಸಕ್ಕನೆ ನಕ್ಕಳು. ಗೌಡ ಕೈ ಎತ್ತಿದ. "ಸೂಳಿ, ನಾಳಿಂದ ನನ್ನ ಹೊಲಕ್ಕ ಕಾಲಿಟ್ಟೀಯಂದ್ರ..."

ಮಾಳವ್ವ ಹಿಂದೆ ಸರಿಯಲಿಲ್ಲ. ನಾಳೆ ಕೂಲಿ ಇಲ್ಲ ಎಂಬುದು ಅವಳಿಗೆ ಅರ್ಥವಾಗಿತ್ತು. ಆದರೆ ಮಗ್ಗುಲಿಗೆ ಶಿವಲಕ್ಷ್ಮಿ ಬಂದು ನಿಂತಳು, ಆಚೆ ಮಗ್ಗುಲಿಗೆ ದಿಲಶಾದಬಿ, ಹಿಂದೆ ಎಲ್ಲರೂ. "ಹೊಡೀರಿ ಗೌಡ್ರ" ಅಂದಳು ಶಿವಲಕ್ಷ್ಮಿ. ಆಕೆ ಗೌಡನ ಎದುರು ಬಾಯಿ ತೆರೆದದ್ದು ಅದೇ ಮೊದಲು. "ಸಾಹೇಬ್ರು ನೋಡಾಕತ್ತಾರ." ಗೌಡ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

"ಸಾಕು!" ಎಂದು ಪಿಎಸ್ಐ ಗುಡುಗಿದ. "ಎಲ್ಲಾರ್ನೂ ಜೇಲಿಗೆ ಹಾಕ್ತೇನಿ!"

ಅಷ್ಟರಲ್ಲಿ ಗೇಟಿನ ಹೊರಗೆ ಗದ್ದಲ ಎದ್ದಿತು.

ಕರಿಯವ್ವ ಬಂದಿದ್ದಳು. ಒಬ್ಬಳೇ ಅಲ್ಲ. ಅವಳ ಓಣಿಗೆ ಓಣಿಯೇ ಬಂದಿತ್ತು. ಸೊಂಟದ ಮೇಲೆ ಕೂಸು ಹೊತ್ತವರು, ಕೋಲೂರಿದ ಮುದುಕಿಯರು, ಒಲೆಯ ಮುಂದಿನಿಂದ ಎದ್ದು ಬಂದು ಕೈಗೆ ಹಿಟ್ಟು ಮೆತ್ತಿಕೊಂಡವರು. ಎಲ್ಲರ ಕೈಯಲ್ಲೂ ಚರಗಿ, ತಂಬಿಗೆ, ಡಬ್ಬಿ. ಗೇಟಿನ ಸರಳು ಹಿಡಿದು ಅಲುಗಿಸುತ್ತಿದ್ದರು.

"ನಮ್ಮನ್ನೂ ಹಿಡೀರಿ!" ಎಂದು ಕರಿಯವ್ವ ಒದರಿದಳು. "ಏ ಸಾಹೇಬ್ರ, ನಮ್ಮನ್ನೂ ಒಳಗ ಹಾಕ್ರಿ!"

ಅವರ ಹಿಂದೆ ಬೀಗರ ಜೀಪುಗಳು ಬಂದು ನಿಂತು ಹಾರ್ನ್ ಬಾರಿಸತೊಡಗಿದವು. ಜರತಾರಿ ಸೀರೆಯ ಹೆಂಗಸರು ಕಿಟಕಿಯಿಂದ ಬಗ್ಗಿ ನೋಡಿದರು.

"ಗೇಟ್ ಭದ್ರ ಮಾಡ್ರಿ!" ಎಂದು ಪಿಎಸ್ಐ ಕೂಗಿದ. "ಒಬ್ಬಾಕಿನ್ನೂ ಒಳಗ ಬಿಡಬ್ಯಾಡ್ರಿ!"

ಮಹಿಳಾ ಪೇದೆ ಓಡಿಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತಳು. ಮಾಳವ್ವ ಕುಂಟುತ್ತ ಅಂಗಳ ದಾಟಿ ಅವಳ ಮುಂದೆ ಹೋದಳು.

"ಸರೀರಿ ಬಾಯಾರ."

"ನನ್ನ ನೌಕರಿ ಹೊಕ್ಕೈತಿ" ಎಂದು ಪೇದೆ ಮೆಲ್ಲಗೆ ಅಂದಳು.

"ನೀವು ತಗೀಬ್ಯಾಡ್ರಿ. ನಾ ತಗೀತೇನಿ. ನಾ ಹೆಂಗೂ ಕೈದಿ."

ಮಾಳವ್ವ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು. ಪೇದೆಯ ಬೆರಳು ಬಿಗಿಯಾಗೇ ಇದ್ದವು. ಹಿಂದಿನಿಂದ ಪಿಎಸ್ಐ ಓಡಿ ಬರುವ ಬೂಟಿನ ಸದ್ದು ಕೇಳಿತು. ಆಗ ಆ ಬೆರಳು ಸಡಿಲಾದವು. ಮಾಳವ್ವ ಚಿಲಕ ಎಳೆದಳು.

ಗೇಟು ಹಾರುಹೊಡೆಯಿತು. ಹೆಂಗಸರು ನುಗ್ಗಿದರು. ಪಿಎಸ್ಐ ಸೀಟಿ ಊದಿದ, ಸಾಹುಕಾರ ಎರಡೂ ಕೈ ಚಾಚಿ ಅಡ್ಡ ನಿಂತು ಗಿರಗಿರನೆ ತಿರುಗಿ ಗೋಡೆಗೆ ತಗುಲಿದ. "ಎಲ್ಲಾರ್ನೂ ಅರೆಸ್ಟ್ ಮಾಡ್ರಿ!" ಎಂದು ಪಿಎಸ್ಐ ಅರಚಿದ.

"ಅದನ್ನ ಕೇಳಾಕ ಬಂದಾರ್ರಿ!" ಎಂದು ದಿಲಶಾದಬಿಯ ಗಂಟಲು ಸೀಟಿಯನ್ನು ಮುಳುಗಿಸಿತು.

ಮಾಳವ್ವ ಹಿಂದಿನ ಓಣಿಯ ಬಾಯಲ್ಲಿ ಕೈ ಬೀಸುತ್ತ ನಿಂತಿದ್ದಳು. "ನೂಕಬ್ಯಾಡ್ರಬೇ, ಪಾಳಿ ಹಿಡೀರಿ! ಮುದುಕ್ಯಾರು ಮೊದಲ, ಕೂಸಿನವರು ಮೊದಲ! ಅವಸರಿಲ್ಲ, ಆರಾಮ ಕುಂಡ್ರಿ!"

ಹೊರಗೆ ಸೀಟಿ ಊದುತ್ತಲೇ ಇತ್ತು. ಒಳಗೆ ಒಂದರ ಹಿಂದೊಂದು ಬಾಗಿಲುಗಳು ಹಾಕಿಕೊಳ್ಳತೊಡಗಿದವು.